ದಂಬೆಯ ನೀರು, ತೋಟದ ದಣಪೆ ಮತ್ತು ಕಂಪ್ಯೂಟರ್



ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರಿಗೆ ದಂಬೆ ಎಂದರೇನೆಂದು ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಅಡಿಕೆ ಮರವನ್ನು ಸೀಳಿ, ತಿರುಳು ತೆಗೆದು ಮಾಡಿದ ನೀರಿನ ದಾರಿ ಅದು. ಈಗ ಅನೇಕ ಕಡೆ ಅದರ ಜಾಗಕ್ಕೆ ಪೈಪು ಬಂದಿದೆ. ನೀರು ಇರುವುದು ಗುಡ್ಡದಲ್ಲಿ. ಆದರೂ ಬಿಂದಿಗೆ ಹಿಡಿಯುವವರು ಗುಡ್ಡ ಹತ್ತಬೇಕಿಲ್ಲ, ದಂಬೆಯ ತುದಿಗೆ ಬಂದರೆ ಸಾಕು.

ಕಂಪ್ಯೂಟರಿನ ಡಿವೈಸ್ ಫೈಲ್, ಅಂದರೆ ಸಾಧನ ಕಡತವೂ ಹೀಗೆಯೇ. ಅದರೊಳಗೆ ಮಾಹಿತಿ ಇರುವುದಿಲ್ಲ. ಇರುವುದು ಒಂದು ಹೆಸರು ಮತ್ತು ಎರಡು ಅಂಕಿ, ಅಷ್ಟೆ. ಆ ಹೆಸರನ್ನು ತೆರೆದು ಓದಿದರೆ ಅದರ ಹಿಂದಿರುವ ಯಂತ್ರಭಾಗವೇ ಉತ್ತರ ಕೊಡುತ್ತದೆ.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಕಟ್ಟಲು ತೊಡಗಿದರು. ಡಿಸ್ಕು, ಟೇಪು, ದೂರಮುದ್ರಕ ಎಲ್ಲವನ್ನೂ ಅವರು ಕಡತದ ರೂಪದಲ್ಲೇ ತೋರಿಸಿದರು. 1974ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ, ಯಂತ್ರದ ಸ್ಮೃತಿಗೂ ಒಂದು ವಿಶೇಷ ಕಡತವಿದೆ ಎಂಬ ಮಾತಿದೆ. ಅದೇ '/ಡೆವ್/ಮೆಮ್'. ಅದರಲ್ಲಿ ಸಾವಿರನೆಯ ಸ್ಥಾನವನ್ನು ಓದುವುದೆಂದರೆ ಸ್ಮೃತಿಯ ಸಾವಿರನೆಯ ವಿಳಾಸವನ್ನು ಓದುವುದು.

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕೂಡ ಇದೇ ಹಾದಿ ಹಿಡಿಯಿತು. ಅದರಲ್ಲಿ '/ಡೆವ್/ಪೋರ್ಟ್' ಎಂಬ ಇನ್ನೊಂದು ಕಡತವಿದೆ. ಪಿಸಿಯಲ್ಲಿ ಹೊರಸಾಧನಗಳೊಡನೆ ಮಾತಾಡಲು 65,536 ದ್ವಾರಗಳಿವೆ. ಹಳೆಯ ಪಿಸಿಗಳಲ್ಲಿ ಸಾಮಾನ್ಯವಾಗಿ 888ನೆಯದು ಪ್ರಿಂಟರಿನ ದ್ವಾರ. ಈ ಕಡತದ 888ನೆಯ ಸ್ಥಾನದಲ್ಲಿ ಒಂದು ಬೈಟು ಬರೆದರೆ ಪ್ರಿಂಟರ್ ಕೊಂಡಿಯ ಎಂಟು ತಂತಿಗಳು ಅದಕ್ಕೆ ತಕ್ಕಂತೆ ಏರಿಳಿಯುತ್ತವೆ.

ಇಷ್ಟು ಸುಲಭವಾದ ದಾರಿಗೆ ಕಾವಲು ಬೇಡವೇ? 1980ರ ದಶಕದ ಎಂಎಸ್-ಡಾಸ್‌ನಲ್ಲಿ ಕಾವಲೇ ಇರಲಿಲ್ಲ. ಯಾವ ಪ್ರೋಗ್ರಾಂ ಬೇಕಾದರೂ ಸ್ಮೃತಿಗೂ ದ್ವಾರಗಳಿಗೂ ನೇರವಾಗಿ ಕೈಹಾಕಬಹುದಿತ್ತು. ಅನೇಕ ಪ್ರೋಗ್ರಾಂಗಳು ಪರದೆಯ ಸ್ಮೃತಿಗೇ ನೇರವಾಗಿ ಅಕ್ಷರ ಬರೆಯುತ್ತಿದ್ದವು. ಅಲ್ಲಿ ಒಂದು ಮನೆಗೆ ಒಂದು ಅಕ್ಷರ, ಒಟ್ಟು 256 ಆಕಾರ. ನಮ್ಮ ಒತ್ತಕ್ಷರಗಳಿಗೆ ಅದು ಎಲ್ಲಿ ಸಾಲಬೇಕು? ಐಐಟಿ ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡನ್ನು ಯಂತ್ರಕ್ಕೆ ಸಿಕ್ಕಿಸಿದ ಮೇಲೆ ಅಂಥ ಪರದೆಯಲ್ಲೂ ಕನ್ನಡ ಮೂಡಿತು. ಯಂತ್ರಾಂಶದ ಒಳಗನ್ನು ಬಲ್ಲವರಿದ್ದುದರಿಂದಲೇ ಇದು ಸಾಧ್ಯವಾಯಿತು.

ಆದರೆ ದಾರಿ ತೆರೆದಿದ್ದರೆ ದನವೂ ತೋಟಕ್ಕೆ ನುಗ್ಗುತ್ತದೆ. ಸ್ಮೃತಿಯಲ್ಲಿ ಇತರರ ಗುಪ್ತಪದಗಳೂ ಇರುತ್ತವೆ. ತಪ್ಪು ಜಾಗದಲ್ಲಿ ಒಂದು ಬೈಟು ಬರೆದರೆ ಯಂತ್ರವೇ ಸ್ಥಗಿತವಾದೀತು. ಕೆಲವು ದ್ವಾರಗಳಲ್ಲಿ ಓದುವುದೂ ನಿರಪಾಯವಲ್ಲ: 96ನೆಯದನ್ನು ಓದಿದರೆ ಕೀಲಿಮಣೆಯಲ್ಲಿ ಒತ್ತಿದ ಅಕ್ಷರ ನಿಮ್ಮ ಪಾಲಾಗಿ, ಅದಕ್ಕಾಗಿ ಕಾಯುತ್ತಿದ್ದ ಪ್ರೋಗ್ರಾಂಗೆ ತಪ್ಪಿಹೋಗಬಹುದು. ಆದ್ದರಿಂದ ಯುನಿಕ್ಸ್ ವಂಶದಲ್ಲಿ ತೋಟಕ್ಕೆ ದಣಪೆ ಇಟ್ಟಂತೆ ಈ ಕಡತಗಳಿಗೂ ಅನುಮತಿಯ ತಡೆಯಿದೆ. ಅದನ್ನು ಸರಿಸುವ ಅಧಿಕಾರ 'ರೂಟ್' ಎಂಬ ಯಜಮಾನನದು. ಆ ಅಧಿಕಾರವನ್ನೇ ಕದ್ದ ದುಷ್ಟ ಪ್ರೋಗ್ರಾಂಗಳು ಬಂದಾಗ ದಣಪೆಯೂ ಸಾಲದಾಯಿತು. ಮೆಮ್ ಕಡತಕ್ಕೆ ಇನ್ನಷ್ಟು ಕಡಿವಾಣ ಹಾಕುವ ಆಯ್ಕೆ 2008ರಲ್ಲಿ ಲಿನಕ್ಸಿಗೆ ಬಂದಿತು. ಅದರ ಸೋದರ ಕಡತ '/ಡೆವ್/ಕೆಮೆಮ್' ಅನ್ನು 2021ರಲ್ಲಿ ತೆಗೆದೇ ಹಾಕಿದರು.

ಹಾಗಾದರೆ ಕಲಿಯುವವರಿಗೆ ಬಾಗಿಲು ಮುಚ್ಚಿತೇ? ಇಲ್ಲ. ಕಾಲೇಜಿನ ಕಂಪ್ಯೂಟರ್ ಹತ್ತಾರು ಜನರದು, ಅದರಲ್ಲಿ ಈ ಪ್ರಯೋಗ ಬೇಡ. ಯಾರಿಗೂ ಬೇಡವಾದ ಹಳೆಯ ಯಂತ್ರವೊಂದರಲ್ಲಿ ಲಿನಕ್ಸ್ ಹಾಕಿ, 'ಡೆವ್' ಕೋಶದ ವಿವರವಾದ ಪಟ್ಟಿಯನ್ನು ತೆರೆಯಿರಿ. ಬೇರೆ ಕಡತಗಳಿಗೆ ಗಾತ್ರ ಬರೆದಿರುವ ಜಾಗದಲ್ಲಿ ಮೆಮ್‌ಗೆ 1 ಮತ್ತು 1, ಪೋರ್ಟ್‌ಗೆ 1 ಮತ್ತು 4 ಕಾಣುತ್ತದೆ. ಮೊದಲು ಅದನ್ನು ನೋಡಿ, ಅರ್ಥಮಾಡಿಕೊಳ್ಳಿ. ದಣಪೆ ಸರಿಸುವುದು ಆಮೇಲೆ.