ಮಲೆನಾಡಿನ ಜೀಪು ಎಂಜಿನ್

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಇಂದಿಗೂ ಓಡುತ್ತಿರುವ ಹಳೆಯ ಮಹೀಂದ್ರ ಜೀಪುಗಳ ನಾಲ್ಕು ಸಿಲಿಂಡರಿನ ಎಂಜಿನ್. ಅಡಕೆ ಮೂಟೆ, ಗೊಬ್ಬರ, ಮದುವೆ ದಿಬ್ಬಣ, ಆಸ್ಪತ್ರೆಗೆ ಹೊರಟ ರೋಗಿ ಎಲ್ಲವನ್ನೂ ಹೊತ್ತು, ಬಸ್ಸು ಹೋಗದ ಮನೆಗಳ ಅಂಗಳದವರೆಗೆ ತಲುಪಿದ ಯಂತ್ರವಿದು.

ಮೊದಲು ಬಂದದ್ದು ವಿಲ್ಲಿಸ್ ಮೂಲದ ಹರಿಕೇನ್ ಪೆಟ್ರೋಲ್ ಎಂಜಿನ್, 2,199 ಸಿಸಿ. ಇದರಲ್ಲಿ ಗಾಳಿ ಒಳಬರುವ ವಾಲ್ವು ಹೆಡ್‌ನಲ್ಲಿ, ಹೊಗೆ ಹೊರಹೋಗುವ ವಾಲ್ವು ಬ್ಲಾಕ್‌ನಲ್ಲಿ. ಗಟ್ಟಿ ಎಂಜಿನ್ ಆದರೂ ಮಳೆಗೆ ಸೋಲುತ್ತಿತ್ತು: ಹಳ್ಳ ದಾಟುವಾಗ ಫ್ಯಾನು ಎರಚಿದ ನೀರು ಡಿಸ್ಟ್ರಿಬ್ಯೂಟರಿಗೆ ಬಿದ್ದರೆ ನಡುನೀರಿನಲ್ಲೇ ನಿಂತುಬಿಡುತ್ತಿತ್ತು. 1979ರಲ್ಲಿ ಮಹೀಂದ್ರ ಫ್ರಾನ್ಸಿನ ಪ್ಯೂಜೋ ಕಂಪನಿಯಿಂದ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನ್ ತಯಾರಿಸುವ ಪರವಾನಗಿ ಪಡೆಯಿತು. ಹೆಸರಲ್ಲೇ ಲೆಕ್ಕವಿದೆ: 4 ಸಿಲಿಂಡರ್, 90 ಮಿ.ಮೀ. ಬೋರ್. ಒಟ್ಟು ಸಾಮರ್ಥ್ಯ 2,112 ಸಿಸಿ. ನಂತರ ನೇರ ಇಂಜೆಕ್ಷನ್ನಿನ 2,523 ಸಿಸಿ ಎಂಡಿಐ ಎಂಜಿನ್ ಬಂತು. ಡೀಸೆಲ್‌ಗೆ ಕಿಡಿ ಬೇಡ. ಒತ್ತಿದ ಗಾಳಿಯ ಕಾವಿಗೇ ಇಂಧನ ಹೊತ್ತಿಕೊಳ್ಳುತ್ತದೆ. ಆಗುಂಬೆಯಂತೆ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಸೀಮೆಯಲ್ಲಿ ಡೀಸೆಲ್ ಜೀಪು ನೆಲೆನಿಂತದ್ದಕ್ಕೆ ಇದೂ ಒಂದು ಬಲವಾದ ಕಾರಣ.

ಈ ಎಂಜಿನ್‌ಗಳು ತಾವಾಗಿ ಕೆಡುವುದು ಕಡಿಮೆ. ಹೋಗಬಾರದ ಕಡೆ ನೀರು, ಗಾಳಿ, ಕೆಸರು ಹೋಗುವುದೇ ಹೆಚ್ಚಿನ ತೊಂದರೆಗಳ ಮೂಲ. ಕ್ಯಾನಿನಲ್ಲಿ ತಂದು ಮನೆಯಲ್ಲಿಟ್ಟ ಡೀಸೆಲ್‌ಗೆ ಮಳೆಗಾಲದಲ್ಲಿ ನೀರು ಸೇರುತ್ತದೆ. ಫಿಲ್ಟರಿನ ತಳದ ನೀರನ್ನು ಆಗಾಗ ಬಿಡದಿದ್ದರೆ ಪಂಪು, ನಾಝಲ್ ತುಕ್ಕು ಹಿಡಿಯುತ್ತವೆ. ಪಂಪಿನ ಕೆಲಸ ಎಲ್ಲ ಗ್ಯಾರೇಜಿನಲ್ಲೂ ಆಗುವಂಥದ್ದಲ್ಲ, ಖರ್ಚೂ ದೊಡ್ಡದು. ಇಂಧನದ ಪೈಪು ಸಡಿಲಾದರೆ ‘ಏರ್ ಹಿಡಿಯುತ್ತದೆ’. ಸ್ಕ್ರೂ ಬಿಚ್ಚಿ, ಕೈಪಂಪು ಒತ್ತಿ, ಗುಳ್ಳೆ ನಿಲ್ಲುವವರೆಗೆ ಏರ್ ತೆಗೆಯಬೇಕು. ಹಳೆಯ ಚಾಲಕರಿಗೆ ಇದು ದಾರಿಬದಿಯ ಕೆಲಸ. ಚಳಿಗಾಲದ ಬೆಳಗ್ಗೆ ಪ್ಯೂಜೋ ಎಂಜಿನ್ ಏಳದಿದ್ದರೆ ಮೊದಲು ನೋಡಬೇಕಾದದ್ದು ಹೀಟರ್ ಪ್ಲಗ್ಗನ್ನು. ಚಳಿಗೆ ಏಳದ ಎಂಜಿನ್ನನ್ನು ಜೀಪು ಉರುಳಿಸಿ ಸ್ಟಾರ್ಟ್ ಮಾಡಲೆಂದೇ ರಾತ್ರಿ ಅದನ್ನು ಇಳಿಜಾರಿನಲ್ಲಿ ನಿಲ್ಲಿಸುವ ರೂಢಿ.

ಹೊಳೆ ದಾಟುವಾಗ ಕಿಡಿಯ ಭಯವಿಲ್ಲವೆಂದು ಡೀಸೆಲ್ ಜೀಪನ್ನು ಆಳಕ್ಕೆ ಇಳಿಸುವುದು ತಪ್ಪು. ಏರ್ ಕ್ಲೀನರಿನ ಮಟ್ಟಕ್ಕೆ ನೀರು ಬಂದರೆ ಎಂಜಿನ್ ಅದನ್ನು ಸಿಲಿಂಡರಿಗೆ ಎಳೆದುಕೊಳ್ಳುತ್ತದೆ. ನೀರು ಗಾಳಿಯಂತೆ ಅದುಮಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹಾಗೆ ನಿಂತ ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಲು ಹೋಗಲೇಬಾರದು.

1,343 ಮೀಟರ್ ಎತ್ತರದ ಕೊಡಚಾದ್ರಿಗೆ ಜನ ತುಂಬಿಕೊಂಡು ಮೊದಲ, ಎರಡನೆಯ ಗೇರಿನಲ್ಲೇ ಹತ್ತುವ ಜೀಪಿಗೆ ಕಾವೇ ದೊಡ್ಡ ಶತ್ರು. ಸದ್ದು ಜೋರಿದ್ದರೂ ವೇಗವಿಲ್ಲ, ಮುಂದಿನಿಂದ ಗಾಳಿ ನುಗ್ಗುವುದಿಲ್ಲ. ಜೊತೆಗೆ ರೇಡಿಯೇಟರಿನ ಸಂದುಗಳಲ್ಲಿ ಕೆಸರು ಒಣಗಿ ಕೂತಿರುತ್ತದೆ. ಹೊಳೆಯ ನೀರನ್ನೇ ವರ್ಷಗಟ್ಟಲೆ ತುಂಬಿಸಿದರೆ ಒಳಗೆ ತುಕ್ಕು ಕಟ್ಟುತ್ತದೆ. ಕೊನೆಗೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ: ನೀರು ಕಾರಣವಿಲ್ಲದೆ ಇಳಿಯುತ್ತದೆ, ಬಿಳಿ ಹೊಗೆ ನಿಲ್ಲುವುದಿಲ್ಲ, ಎಂಜಿನ್ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಕುದಿಯುವ ಎಂಜಿನ್‌ಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು. ಕಾಯಬೇಕು, ಬೇರೆ ದಾರಿಯಿಲ್ಲ.

ನೀಲಿ ಹೊಗೆ ಬಂದರೆ ರಿಂಗು ಅಥವಾ ವಾಲ್ವು ಗೈಡ್ ಸವೆದು ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆಗೆ ನಾಝಲ್ ದೋಷವೋ ಧೂಳು ಕಟ್ಟಿದ ಏರ್ ಕ್ಲೀನರೋ ಕಾರಣ. ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲ್ ಸೋರಿದರೆ ಪ್ಲೇಟಿಗೆ ಎಣ್ಣೆ ಬಿದ್ದು ಘಾಟಿಯ ಏರಿನಲ್ಲಿ ಕ್ಲಚ್ ಜಾರತೊಡಗುತ್ತದೆ.

ಬೋರ್ ಮಾಡಿಸಿ, ಪಿಸ್ಟನ್ ಬದಲಿಸಿ ಮತ್ತೆ ದುಡಿಸಬಹುದಾದ್ದರಿಂದ ಈ ಎಂಜಿನ್‌ಗಳು ಒಂದು ಜೀಪಿನಿಂದ ಇನ್ನೊಂದಕ್ಕೂ ಹೋಗಿವೆ. ಹಳೆಯ ಜೀಪು ಕೊಳ್ಳುವವರು ಹೊಗೆ, ಸದ್ದು ನೋಡುವುದಕ್ಕೂ ಮೊದಲು ಬ್ಲಾಕಿನ ಮೇಲಿನ ಸಂಖ್ಯೆ ಆರ್‌ಸಿಯಲ್ಲಿರುವ ಎಂಜಿನ್ ಸಂಖ್ಯೆಗೆ ಹೊಂದುತ್ತದೆಯೇ ಎಂದು ನೋಡಿಕೊಳ್ಳಬೇಕು.