ಬಂಕಾಪುರದ ನೆಲ, ಮನೆ ಮತ್ತು ಸಾಲ

ಬಂಕಾಪುರವೆಂದೊಡನೆ ನಮ್ಮ ನೆನಪಿಗೆ ಬರುವವನು ಅಮೋಘವರ್ಷ ನೃಪತುಂಗನ ನೆಚ್ಚಿನ ದಂಡನಾಯಕನಾದ ಬಂಕೇಶ. ಊರಿಗೆ ಹೆಸರು ಬಂದುದು ಅವನಿಂದಲೆ. ಅವನ ಮಗ ಲೋಕಾದಿತ್ಯನು ಇಲ್ಲಿಂದ ಆಳುತ್ತಿದ್ದಾಗ, 898ರಲ್ಲಿ, ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಪೂಜೆ ಸಂದಿತು. ಗಂಗರ ಮಾರಸಿಂಹನು ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟುದೂ ಇಲ್ಲಿಯೆ. ಆದರೆ ನಾವು ಇಂದು ರಾಜರ ಕಥೆಯನ್ನು ಹೇಳಹೊರಟವರಲ್ಲ. ಸ್ವಂತ ಮನೆಯುಳ್ಳವನೂ, ಕೈಯಲ್ಲಿ ನಾಲ್ಕು ಕಾಸು ಕೂಡಿದೊಡನೆ ಒಂದು ನಿವೇಶನವನ್ನು ಕೊಂಡಿಡೋಣವೆಂದು ಹೊರಟವನೂ ಈ ಸೀಮೆಯ ಚರಿತ್ರೆಯಿಂದ ಏನನ್ನು ತಿಳಿಯಬಹುದೆಂಬುದೇ ನಮ್ಮ ವಿಚಾರ.

ಮೊದಲು ಕಾಗದಪತ್ರದ ಮಾತು. 860ರಲ್ಲಿ, ಚಂದ್ರಗ್ರಹಣದ ದಿನ, ನೃಪತುಂಗನು ಬಂಕೇಶನ ಬಿನ್ನಹವನ್ನು ಮನ್ನಿಸಿ, ಅವನು ಕೊಳನೂರಿನಲ್ಲಿ ಕಟ್ಟಿಸಿದ ಜಿನಾಲಯಕ್ಕೆ ತಲೆಯೂರೆಂಬ ಗ್ರಾಮವನ್ನೂ ಬೇರೆ ಊರುಗಳಲ್ಲಿ ಭೂಮಿಯನ್ನೂ ಬಿಟ್ಟನು. ಕೊಳನೂರೆಂದರೆ ಈಗಿನ ನರಗುಂದ ತಾಲೂಕಿನ ಕೊಣ್ಣೂರು. ದಾನವು ತಾಮ್ರಶಾಸನದಲ್ಲಿದ್ದಿತು. ನಮಗೆ ದೊರೆತಿರುವುದಾದರೋ ತಾಮ್ರವಲ್ಲ, ಕಲ್ಲು. ಸುಮಾರು ಮುನ್ನೂರು ವರ್ಷಗಳ ತರುವಾಯ ಊರಿನ ಮಹಾಪ್ರಭುವೂ ಇತರರೂ ಕೇಳಿಕೊಳ್ಳಲಾಗಿ, ವೀರಣಂದಿಯೆಂಬ ಮುನಿಗಳು ಆ ತಾಮ್ರಪಟದ ಒಕ್ಕಣೆಯನ್ನು ಶಿಲೆಯ ಮೇಲೆ ಬರೆಯಿಸಿದರು. ತಾಮ್ರವು ಒಬ್ಬರ ಪೆಟ್ಟಿಗೆಯಲ್ಲಿರುವ ವಸ್ತು, ಕಳೆಯಬಹುದು, ಕರಗಬಹುದು. ಕಲ್ಲಾದರೆ ಊರಿನ ಕಣ್ಣೆದುರಿಗೆ ನಿಲ್ಲುತ್ತದೆ. ಇಂದಿನ ನೋಂದಣಿ ಕಚೇರಿಯ ಕೆಲಸವೂ ಇದೇ: ಇಬ್ಬರ ನಡುವಣ ಮಾತನ್ನು ಮೂರನೆಯವನು ನೋಡಬಲ್ಲ ದಾಖಲೆಯನ್ನಾಗಿ ಮಾಡುವುದು. ಶಾಸನಗಳ ಕೊನೆಯಲ್ಲಿ ಭೂಮಿಯನ್ನು ಅಪಹರಿಸಿದವನಿಗೆ ಘೋರವಾದ ಶಾಪವನ್ನು ಬರೆಯುತ್ತಿದ್ದರು. ನೋಂದಣಿಯ ಶುಲ್ಕಕ್ಕೆ ಗೊಣಗುವವರು, ಶಾಪವನ್ನಷ್ಟೇ ನೆಚ್ಚಿದ್ದ ಕಾಲವನ್ನು ಒಮ್ಮೆ ನೆನೆದುಕೊಳ್ಳಬಹುದು.

ಆದುದರಿಂದ ಕೊಳ್ಳುವವನು ಮಾರುವವನ ಮುಖವನ್ನಲ್ಲ, ಉತಾರವನ್ನು ನೋಡತಕ್ಕದ್ದು. ಚಕಬಂದಿಯನ್ನು ಕಾಗದದಲ್ಲಿ ಓದಿ, ನೆಲದ ಮೇಲೆ ನಡೆದು ಸರಿನೋಡತಕ್ಕದ್ದು. ಋಣಭಾರದ ಪ್ರಮಾಣಪತ್ರವನ್ನು ತೆಗೆಸತಕ್ಕದ್ದು. ಹೊಲವನ್ನು ನಿವೇಶನವೆಂದು ಮಾರುತ್ತಿದ್ದರೆ ಅದು ಬಿನಶೇತ್ಕಿಯಾಗಿದೆಯೆ ಎಂದು ಕೇಳತಕ್ಕದ್ದು.

ಇನ್ನು ಸ್ಥಳದ ಬೆಲೆ. ಒಂದು ಕಾಲಕ್ಕೆ ಬಂಕಾಪುರದ ಕೋಟೆಯೊಳಗೆ ಮನೆಯಿರುವುದೆಂದರೆ ಭಾಗ್ಯವೇ ಆಗಿದ್ದಿರಬೇಕು. ಬಹಮನಿಯವರೂ ವಿಜಯನಗರದವರೂ ಅದಕ್ಕಾಗಿ ಕಾದಾಡಿದರು. 1570ರ ದಶಕದಲ್ಲಿ ಅಲಿ ಆದಿಲ್ ಶಾಹನು ಅದನ್ನು ಮುತ್ತಿ ಹಿಡಿದನು. ಆದರೆ 17ನೆಯ ಶತಮಾನದ ಕೊನೆಯಲ್ಲಿ ಈ ಸೀಮೆಯನ್ನು ಜಹಗೀರಾಗಿ ಪಡೆದ ಅಬ್ದುಲ್ ರೌಫ್ ಖಾನನು ಸವಣೂರಿನಲ್ಲಿ ನೆಲೆಸಿದನು. ಆಂಗ್ಲರ ಆಳ್ವಿಕೆಯಲ್ಲಿ ತಾಲೂಕಿಗೆ ಬಂಕಾಪುರದ ಹೆಸರು ಉಳಿಯಿತು, ಕಚೇರಿ ಮಾತ್ರ ಶಿಗ್ಗಾವಿಯಲ್ಲಿ ಕುಳಿತಿತು. 1880ರ ದಶಕದ ರೈಲುದಾರಿ ಹಾವೇರಿಗೆ ಹೋಯಿತು. 1997ರಲ್ಲಿ ಜಿಲ್ಲೆಯ ಕೇಂದ್ರವಾದುದೂ ಹಾವೇರಿಯೆ. ಗೋಡೆಯ ಗಟ್ಟಿತನದಿಂದ ಮನೆಗೆ ಬೆಲೆಯಿಲ್ಲ. ದಾರಿ, ನೀರು, ಪೇಟೆ, ಕಚೇರಿ ಇವುಗಳಿಂದ ಬೆಲೆ. ಇವು ನಾಲ್ಕೂ ಮನೆಯೊಡೆಯನ ಕೈಯಲ್ಲಿಲ್ಲ. ದಾರಿ ಬರುವುದೆಂಬ ಸುದ್ದಿಗೆ ಹಣ ಕೊಡುವವನು ಇದನ್ನು ಮರೆಯಬಾರದು.

ಎಲ್ಲಕ್ಕೂ ಮಿಗಿಲಾದ ಪಾಠವು 19ನೆಯ ಶತಮಾನದ್ದು. ವಿಂಗೇಟನೂ ಅವನ ಜೊತೆಗಾರರೂ ಧಾರವಾಡ ಜಿಲ್ಲೆಯ ಹೊಲಗಳನ್ನು ಅಳೆದು, ಸರ್ವೆ ನಂಬರು ಕೊಟ್ಟು, ಕಂದಾಯವನ್ನು 30 ವರ್ಷಗಳಿಗೆ ಗೊತ್ತುಮಾಡಿದರು. ಇದರ ತತ್ತ್ವಗಳು 1847ರ ಜಂಟಿ ವರದಿಯಲ್ಲಿ ನಿರೂಪಿತವಾದುವು. ರೈತನು ಬಾವಿ ತೋಡಿದರೂ ಬದು ಹಾಕಿದರೂ ಅವಧಿಯೊಳಗೆ ಕಂದಾಯ ಏರುವಂತಿರಲಿಲ್ಲ. ಹೊಲವನ್ನು ಮಾರಬಹುದು, ಮಕ್ಕಳಿಗೆ ಬಿಡಬಹುದು. ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಮಾರಬಹುದಾದ ಹೊಲವು ಒತ್ತೆಯಿಡಬಹುದಾದ ಹೊಲವೂ ಆಯಿತು. ಅದುವರೆಗೆ ಬೆಳೆಯನ್ನೂ ಮನುಷ್ಯನನ್ನೂ ನೋಡಿ ಸಾಲ ಕೊಡುತ್ತಿದ್ದ ಸಾಹುಕಾರನು ಇನ್ನು ನೆಲವನ್ನು ನೋಡಿ ಕೊಡತೊಡಗಿದನು. ಮೊದಲಿಗಿಂತ ಹೆಚ್ಚಾಗಿಯೇ ಕೊಟ್ಟನು.

ಅಷ್ಟರಲ್ಲಿ 1861ರಲ್ಲಿ ಅಮೆರಿಕದ ಅಂತರ್ಯುದ್ಧವು ಮೊದಲಾಯಿತು. ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬಾರದಾಗಲು ಧಾರವಾಡ ಸೀಮೆಯ ಹತ್ತಿಗೆ ಹಿಂದೆಂದೂ ಕಾಣದ ಧಾರಣೆ ಬಂದಿತು. ಹತ್ತಿಯ ಬೆಲೆಯೊಡನೆ ಹೊಲದ ಬೆಲೆಯೂ, ಹೊಲದ ಬೆಲೆಯೊಡನೆ ಒಡೆಯನ ಸಾಲದ ಯೋಗ್ಯತೆಯೂ ಏರಿದುವು. 1865ರಲ್ಲಿ ಯುದ್ಧ ಮುಗಿಯಿತು, ಧಾರಣೆ ಕುಸಿಯಿತು. ಸಾಲ ಮಾತ್ರ ಕುಸಿಯಲಿಲ್ಲ. ಸಾಲವನ್ನು ಏರಿದ ಬೆಲೆಯಲ್ಲಿ ಮಾಡಿದ್ದು, ತೀರಿಸಬೇಕಾದುದು ಇಳಿದ ಬೆಲೆಯಲ್ಲಿ. ಹತ್ತು ವರ್ಷ ಕಳೆಯುವಷ್ಟರಲ್ಲಿ 1876ರ ಮಹಾಕ್ಷಾಮವು ಬಂದಿತು. ಆಗ ಮಾರಲು ಬಯಸುವವರು ಅನೇಕರು, ಕೊಳ್ಳುವವರು ಕೆಲವರೇ. ಹೊಲವನ್ನು ಚಿನ್ನದಂತೆ ಆ ದಿನವೇ ತೂಗಿ ಮಾರಲಾಗದೆಂಬ ಸತ್ಯವು ಅಂಥ ಕಾಲದಲ್ಲಿಯೇ ತಿಳಿಯುವುದು.

ನಾವು ಲೆಕ್ಕವನ್ನೇ ಹಾಕಿ ನೋಡೋಣ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯೆಂದರೆ ಕಿವಿಗೆ ಸಣ್ಣದಾಗಿ ಕೇಳುತ್ತದೆ. ಅದು ವರ್ಷಕ್ಕೆ 24. ಬಡ್ಡಿಯನ್ನು ವರ್ಷವರ್ಷವೂ ಅಸಲಿಗೆ ಸೇರಿಸಿದರೆ ನಾಲ್ಕು ವರ್ಷ ತುಂಬುವ ಮೊದಲೇ ಸಾಲ ಇಮ್ಮಡಿಯಾಗುತ್ತದೆ. ಇನ್ನೊಂದು: 10 ಲಕ್ಷ ರೂಪಾಯಿಯ ಮನೆಗೆ ತಿಂಗಳಿಗೆ 3,000 ರೂಪಾಯಿ ಬಾಡಿಗೆ ಬಂದಿತೆನ್ನೋಣ. ವರ್ಷಕ್ಕೆ 36,000; ನೂರಕ್ಕೆ ಮೂರೂವರೆಗಿಂತ ತುಸು ಹೆಚ್ಚು. ಅದರಲ್ಲಿ ತೆರಿಗೆ, ಹಂಚು ಬದಲಾವಣೆ, ಸುಣ್ಣಬಣ್ಣ, ಖಾಲಿ ಬಿದ್ದ ತಿಂಗಳುಗಳು ಕಳೆಯಬೇಕು. ನೂರಕ್ಕೆ ಒಂಬತ್ತರ ಸಾಲ ತಂದು ಇದನ್ನು ಕೊಂಡವನು, ಬೆಲೆ ಏರಿಯೇ ಏರುವುದೆಂಬ ಒಂದೇ ಆಸೆಯ ಮೇಲೆ ಬದುಕುತ್ತಾನೆ. 1864ರ ಹತ್ತಿಯ ರೈತನಿಗೂ ಅದೇ ಆಸೆಯಿದ್ದಿತು.

ನಮ್ಮಲ್ಲಿ ಮನೆಯನ್ನು ಭೋಗ್ಯಕ್ಕೆ ಹಾಕುವ ರೂಢಿಯುಂಟು. ಒಂದು ಗಂಟು ಹಣ ಕೊಟ್ಟವನು ಬಾಡಿಗೆಯಿಲ್ಲದೆ ಇರುತ್ತಾನೆ. ಅವಧಿ ತೀರಿದಾಗ ಹಣ ಹಿಂದಕ್ಕೆ. ಮನೆಯೊಡೆಯರು ಅದನ್ನು ಆದಾಯವೆಂದು ಬಗೆದು ಮದುವೆಗೋ ಮೇಲಂತಸ್ತಿಗೋ ವೆಚ್ಚ ಮಾಡುವುದನ್ನು ನಾವು ಹಲವೆಡೆ ಕಂಡಿದ್ದೇವೆ. ಅದು ಆದಾಯವಲ್ಲ, ಸಾಲ. ಬಡ್ಡಿಗೆ ಬದಲು ಬಾಡಿಗೆಯನ್ನು ಬಿಟ್ಟುಕೊಟ್ಟಿರುವುದಷ್ಟೆ. ಹಣ ಕೊಟ್ಟವನಿಗೂ ಒಂದು ಮಾತು: 1882ರ ಸ್ವತ್ತು ವರ್ಗಾವಣೆಯ ಕಾಯಿದೆಯ ಮೇರೆಗೆ ನೂರು ರೂಪಾಯಿಗೂ ಮೇಲ್ಪಟ್ಟ ಭೋಗ್ಯದ ಅಡವಿಗೆ ನೋಂದಣಿಯಾದ ಪತ್ರ ಬೇಕು. ಬಿಳಿಯ ಹಾಳೆಯ ಮೇಲಿನ ರುಜು ಸಾಲದು.

ಸಾಹುಕಾರನ ಹೊರತು ಗತಿಯಿಲ್ಲವೆಂಬ ಕಾಲದಲ್ಲಿಯೇ ಈ ಸೀಮೆಯವರು ಬೇರೆ ದಾರಿಯನ್ನೂ ಕಂಡರು. 1904ರ ಕಾಯಿದೆಯಾದ ಮರುವರ್ಷವೇ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಅಲ್ಲಿ ಸಾಲ ಕೊಡುವವರೂ ಕೊಳ್ಳುವವರೂ ಒಂದೇ ಊರಿನವರು. ಯಾರ ಹೊಲ ಎಷ್ಟು ಬೆಳೆಯುವುದು, ಯಾರು ಎಷ್ಟು ತೀರಿಸಬಲ್ಲರು ಎಂಬುದನ್ನು ಅವರು ಸರ್ವೆಯ ಕಾಗದಕ್ಕಿಂತ ಚೆನ್ನಾಗಿ ಬಲ್ಲರು. ಸಾಲ ಬೇಡಿ ಬಂದವನಿಗೆ ಅಂಥವರು ಮೊದಲು ಕೇಳುವ ಪ್ರಶ್ನೆ ಹೊಲದ ಬೆಲೆ ಎಷ್ಟೆಂಬುದಲ್ಲ. ಮಳೆ ಬಾರದ ವರ್ಷ ಕಂತನ್ನು ಎಲ್ಲಿಂದ ಕಟ್ಟುವೆ ಎಂಬುದು.