ಗಳಿಗೆಯನ್ನು ಕಟ್ಟಿಟ್ಟ ಪೆಟ್ಟಿಗೆ

ಯಂತ್ರಗಳ ಚರಿತ್ರೆಯನ್ನು ನಮ್ಮ ಸಾಹಿತ್ಯಾಸಕ್ತರು ಸಾಮಾನ್ಯವಾಗಿ ಎಂಜಿನಿಯರುಗಳಿಗೆ ಬಿಟ್ಟುಕೊಡುವುದು ವಾಡಿಕೆ. ರಾಜರ ಚರಿತ್ರೆ, ಮತಗಳ ಚರಿತ್ರೆ, ಕಾವ್ಯದ ಚರಿತ್ರೆ ನಮಗೆ ಬೇಕು. ನಡುಮನೆಯ ಮೂಲೆಯಲ್ಲಿ ಕುಳಿತ ಪೆಟ್ಟಿಗೆಯೊಂದರ ಚರಿತ್ರೆ ಯಾರಿಗೆ ಬೇಕು? ಆದರೆ ಜನರ ದಿನಚರಿಯನ್ನು ರಾಜಾಜ್ಞೆಗಿಂತ ಹೆಚ್ಚಾಗಿ ತಿದ್ದಿದ ಪೆಟ್ಟಿಗೆಗಳೂ ಉಂಟು. ಅಂಥದೊಂದರ ವಿಷಯವನ್ನು ಇಂದು ತಮ್ಮ ಮುಂದೆ ಇಡಬೇಕೆಂದಿದ್ದೇನೆ. ಟೆಲಿವಿಷನ್ನಿನಲ್ಲಿ ಬಂದದ್ದನ್ನು ಹಿಡಿದಿಟ್ಟು, ನಮಗೆ ಬಿಡುವಾದಾಗ ತೋರಿಸುವ ಯಂತ್ರ ಅದು. ಡಿಜಿಟಲ್ ವೀಡಿಯೊ ರೆಕಾರ್ಡರ್ ಎಂಬುದು ಅದರ ಈಚಿನ ಹೆಸರು. ಒಂದೇ ಮನೆಯಲ್ಲಿ ಮೂರು ನಾಲ್ಕು ಟೆಲಿವಿಷನ್ನುಗಳಿದ್ದರೆ, ಅಷ್ಟಕ್ಕೂ ಈ ಸೌಕರ್ಯವನ್ನು ಕಡಿಮೆ ಖರ್ಚಿನಲ್ಲಿ ಒದಗಿಸುವುದು ಹೇಗೆ ಎಂಬುದು ಮೇಲುನೋಟಕ್ಕೆ ಗೃಹಕೃತ್ಯದ ಲೆಕ್ಕ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಅಂಟಿಕೊಂಡಿದೆ: ಆಡಿ ಮುಗಿದ ಗಳಿಗೆ ಯಾರ ಸ್ವತ್ತು?

ಪುಸ್ತಕ ನಮಗಾಗಿ ಕಾಯುತ್ತದೆ. ನಾಟಕ ಕಾಯುವುದಿಲ್ಲ, ಗಂಟೆ ಹೊಡೆಯುವ ಹೊತ್ತಿಗೆ ನಾವೇ ಹೋಗಿ ಕೂಡಬೇಕು. ಬಾನುಲಿಯೂ ಟೆಲಿವಿಷನ್ನೂ ಹುಟ್ಟಿದಾಗ ನಾಟಕದ ಪಂಗಡಕ್ಕೇ ಸೇರಿದ್ದವು. ಅಡುಗೆ ಒಲೆಯ ಮೇಲಿದ್ದರೂ, ಬಾಗಿಲಲ್ಲಿ ನೆಂಟರು ನಿಂತಿದ್ದರೂ ಪ್ರಸಾರದ ಹೊತ್ತು ತನ್ನಷ್ಟಕ್ಕೆ ತಾನು ಕಳೆದುಹೋಗುತ್ತಿತ್ತು. ಈ ಕಟ್ಟನ್ನು ಮೊದಲು ಸಡಿಲಿಸಿದವರು ನೋಡುಗರಲ್ಲ, ಪ್ರಸಾರ ಮಾಡುವವರೇ ಎಂಬುದು ಗಮನಿಸಬೇಕಾದ ಸಂಗತಿ.

ಅದಕ್ಕೆ ಕಾರಣ ಅಮೆರಿಕದ ಭೂಗೋಳ. ಆ ದೇಶದ ಪೂರ್ವ ತೀರಕ್ಕೂ ಪಶ್ಚಿಮ ತೀರಕ್ಕೂ ಗಡಿಯಾರದಲ್ಲಿ 3 ಗಂಟೆಗಳ ಅಂತರ. ನ್ಯೂಯಾರ್ಕಿನಲ್ಲಿ ಸಂಜೆಯ ವಾರ್ತೆ ಓದುವಾಗ ಲಾಸ್ ಏಂಜಲೀಸಿನ ಜನ ಇನ್ನೂ ಕಚೇರಿಯಲ್ಲಿರುತ್ತಾರೆ. ಅವರಿಗಾಗಿ ಟೆಲಿವಿಷನ್ನಿನ ಪರದೆಯನ್ನೇ ಸಿನಿಮಾ ಫಿಲ್ಮಿನಲ್ಲಿ ಚಿತ್ರೀಕರಿಸಿ, ಅವಸರದಲ್ಲಿ ತೊಳೆದು, ಮತ್ತೆ ಬಿತ್ತರಿಸುತ್ತಿದ್ದರು. ಚಿತ್ರ ಮಸುಕಾಗುತ್ತಿತ್ತು, ಖರ್ಚು ವಿಪರೀತವಾಗುತ್ತಿತ್ತು. 1956ರ ಏಪ್ರಿಲಿನಲ್ಲಿ ಷಿಕಾಗೋ ನಗರದಲ್ಲಿ ಆಂಪೆಕ್ಸ್ ಸಂಸ್ಥೆ ಚಿತ್ರವನ್ನು ಕಾಂತಪಟ್ಟಿಯ ಮೇಲೆ ಮುದ್ರಿಸಬಲ್ಲ ಯಂತ್ರವನ್ನು ಪ್ರದರ್ಶಿಸಿತು. ಚಾರ್ಲ್ಸ್ ಗಿನ್ಸ್‌ಬರ್ಗ್ ಅದರ ಮುಖ್ಯ ಶಿಲ್ಪಿ. ಮುಂದೆ ಧ್ವನಿಶಾಸ್ತ್ರದಲ್ಲಿ ಹೆಸರಾದ ರೇ ಡಾಲ್ಬಿ ಆಗ ಆ ತಂಡದ ತರುಣ. 2 ಅಂಗುಲ ಅಗಲದ ಪಟ್ಟಿ; ನಿಮಿಷಕ್ಕೆ 14,400 ಸಲ ತಿರುಗುವ ಮುದ್ರಣದ ತಲೆಗಳು; ಬೆಲೆ ಸುಮಾರು 50,000 ಡಾಲರು. ಅದೇ ವರ್ಷ ನವೆಂಬರ್ 30ರಂದು ಸಿ.ಬಿ.ಎಸ್. ಸಂಸ್ಥೆ ನ್ಯೂಯಾರ್ಕಿನ ವಾರ್ತೆಯನ್ನು ಹಾಲಿವುಡ್ಡಿನಲ್ಲಿ ಹಿಡಿದು, 3 ಗಂಟೆ ತಡೆದು, ಪಶ್ಚಿಮಕ್ಕೆ ಬಿತ್ತರಿಸಿತು. ಕಳೆದ ಗಳಿಗೆ ಅಂದು ಮೊದಲ ಬಾರಿಗೆ ಯಂತ್ರದ ಸುರುಳಿಯಲ್ಲಿ ಕಾದು ಕುಳಿತಿತು.

ಕಾರಖಾನೆಯಷ್ಟು ಬೆಲೆಯ ಆ ಯಂತ್ರ ಮನೆಯ ಹೊಸ್ತಿಲು ದಾಟಲು ಸುಮಾರು 20 ವರ್ಷ ಬೇಕಾಯಿತು. 1975ರಲ್ಲಿ ಜಪಾನಿನ ಸೋನಿ ಸಂಸ್ಥೆ ಬೀಟಾಮ್ಯಾಕ್ಸನ್ನು ತಂದಿತು. ಟೆಲಿವಿಷನ್ ಸಮೇತವಾಗಿ ಅಮೆರಿಕದಲ್ಲಿ ಅದರ ಬೆಲೆ 2,000 ಡಾಲರಿಗೂ ಮೀರಿತ್ತು. ಒಂದು ಕ್ಯಾಸೆಟ್ಟಿನಲ್ಲಿ ಹಿಡಿಯುತ್ತಿದ್ದುದು ಒಂದೇ ಗಂಟೆ. ಮರುವರ್ಷ ಜೆ.ವಿ.ಸಿ. ಸಂಸ್ಥೆಯ ವಿ.ಎಚ್.ಎಸ್. ಬಂತು, ಅದರಲ್ಲಿ 2 ಗಂಟೆ ಹಿಡಿಯುತ್ತಿತ್ತು, ಅಂದರೆ ಒಂದು ಪೂರ್ತಿ ಚಲನಚಿತ್ರ.

ಹಾಲಿವುಡ್ಡಿನ ಒಡೆಯರು ಗಾಬರಿಗೊಂಡರು. 1976ರಲ್ಲಿ ಯೂನಿವರ್ಸಲ್ ಮತ್ತು ಡಿಸ್ನಿ ಸಂಸ್ಥೆಗಳು ಸೋನಿಯ ಮೇಲೆ ದಾವೆ ಹೂಡಿದವು. ಕೃತಿಸ್ವಾಮ್ಯವನ್ನು ಮನೆಮನೆಯಲ್ಲೂ ಕದಿಯಲು ಈ ಯಂತ್ರ ದಾರಿ ಮಾಡಿಕೊಡುತ್ತದೆ ಎಂಬುದು ಅವರ ವಾದ. ಮೊದಲ ನ್ಯಾಯಾಲಯದಲ್ಲಿ ಸೋನಿ ಗೆದ್ದಿತು, ಎರಡನೆಯದರಲ್ಲಿ ಸೋತಿತು. 1984ರ ಜನವರಿ 17ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಕೊನೆಯ ತೀರ್ಪು ಕೊಟ್ಟಿತು. ಪುಕ್ಕಟೆಯಾಗಿ ಪ್ರಸಾರವಾದ ಕಾರ್ಯಕ್ರಮವನ್ನು ಹಿಡಿದಿಟ್ಟು, ತನಗೆ ಅನುಕೂಲವಾದ ಹೊತ್ತಿನಲ್ಲಿ ಮನೆಯಲ್ಲೇ ನೋಡುವುದು ನ್ಯಾಯವಾದ ಬಳಕೆ ಎಂದು ಐವರು ನ್ಯಾಯಮೂರ್ತಿಗಳು ಒಪ್ಪಿದರು, ನಾಲ್ವರು ಒಪ್ಪಲಿಲ್ಲ. ಒಂದೇ ಮತದ ಅಂತರ! ಹಿಡಿದಿಟ್ಟದ್ದನ್ನು ಶಾಶ್ವತವಾಗಿ ಕೂಡಿಡುವ ವಿಷಯದಲ್ಲಿ ತೀರ್ಪು ಅಷ್ಟು ದೂರ ಹೋಗಲಿಲ್ಲ. ಹೊತ್ತನ್ನು ಮುಂದೂಡುವ ಹಕ್ಕನ್ನು ಮಾತ್ರ ಮಾನ್ಯಮಾಡಿತು. ಸ್ವಾರಸ್ಯವೆಂದರೆ, ಆ ದಶಕ ಮುಗಿಯುವ ಮೊದಲೇ ಚಿತ್ರನಿರ್ಮಾಪಕರಿಗೆ ಚಿತ್ರಮಂದಿರಗಳಿಗಿಂತ ಹೆಚ್ಚು ಆದಾಯ ತಂದದ್ದು, ಅವರು ಕೊಲ್ಲಹೊರಟಿದ್ದ ಈ ಕ್ಯಾಸೆಟ್ಟೇ.

ಇದೇ ಯಂತ್ರ ನಮ್ಮ ದೇಶಕ್ಕೆ ಬಂದಾಗ ಬೇರೊಂದು ವೇಷ ತೊಟ್ಟಿತು. ನಮ್ಮಲ್ಲಿ ಕೊಹಿಮದಿಂದ ದ್ವಾರಕೆಯವರೆಗೆ ಗಡಿಯಾರ ಒಂದೇ. ಆ ಕಾಲಕ್ಕೆ ದೂರದರ್ಶನವೂ ಒಂದೇ. ಬೆಂಗಳೂರಿನ ಕೇಂದ್ರ ಆರಂಭವಾದದ್ದು 1981ರಲ್ಲಿ. 1982ರ ಏಷ್ಯನ್ ಕ್ರೀಡಾಕೂಟದ ವರ್ಷ ಬಣ್ಣ ಬಂತು. ಬರುವುದೇ ಕೆಲವು ಗಂಟೆ ಎಂದಮೇಲೆ ಹಿಡಿದಿಡುವುದೇನನ್ನು? ಆದ್ದರಿಂದ ವಿ.ಸಿ.ಆರ್. ನಮಗೆ ಗಳಿಗೆಯನ್ನು ಕಟ್ಟಿಡುವ ಸಾಧನವಾಗುವುದಕ್ಕಿಂತ ಬಾಡಿಗೆಯ ಸಿನಿಮಾ ತೋರಿಸುವ ಸಾಧನವಾಯಿತು. ಒಂದು ರಾತ್ರಿಗೆ ಯಂತ್ರವನ್ನೂ ಮೂರು ಕ್ಯಾಸೆಟ್ಟುಗಳನ್ನೂ ಆಟೋರಿಕ್ಷಾದಲ್ಲಿ ತಂದು, ವಠಾರದವರೆಲ್ಲ ಚಂದಾ ಹಾಕಿ, ಬೆಳಗಾಗುವವರೆಗೆ ನೋಡಿದ ಕಾಲವನ್ನು ನನ್ನ ವಯಸ್ಸಿನವರು ಮರೆತಿರಲಾರರು. ಹಂಚಿಕೊಂಡರೆ ಅಗ್ಗ ಎಂಬ ಆ ವಠಾರದ ಅರ್ಥಶಾಸ್ತ್ರವನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಅದು ಬೇಕಾಗುತ್ತದೆ. ಪ್ರಸಾರದ ಹೊತ್ತಿಗೆ ಮಾತ್ರ ನಾವು ತಲೆಬಾಗಿಯೇ ಇದ್ದೆವು. 1987ರಲ್ಲಿ ಭಾನುವಾರ ಬೆಳಿಗ್ಗೆ ರಾಮಾಯಣ ಬರುವಾಗ ಬೀದಿಗಳು ಬರಿದಾಗುತ್ತಿದ್ದವಲ್ಲವೆ?

ಹಿಡಿದಿಡುವುದರಲ್ಲಿ ಅನುಕೂಲಕ್ಕಿಂತ ಹೆಚ್ಚಿನದೇನೋ ಇದೆ ಎಂದು ಬಲ್ಲವರೂ ಇದ್ದರು. ಬ್ರಿಟನ್ನಿನ ಬಿ.ಬಿ.ಸಿ. 1960 ಮತ್ತು 70ರ ದಶಕಗಳಲ್ಲಿ ಟೇಪು ದುಬಾರಿಯೆಂದು ತನ್ನ ಎಷ್ಟೋ ಕಾರ್ಯಕ್ರಮಗಳನ್ನು ತಾನೇ ಅಳಿಸಿಹಾಕಿತು. ‘ಡಾಕ್ಟರ್ ಹೂ’ ಎಂಬ ಜನಪ್ರಿಯ ಧಾರಾವಾಹಿಯ ಅನೇಕ ಕಂತುಗಳ ಚಿತ್ರ ಹೀಗೆ ನಾಶವಾಯಿತು. ಆದರೆ ಆ ಕಂತುಗಳ ಧ್ವನಿಯಷ್ಟೂ ಉಳಿದಿದೆ; ಸಾಮಾನ್ಯ ಪ್ರೇಕ್ಷಕರು ತಮ್ಮ ಮನೆಗಳಲ್ಲಿ ಟೇಪ್ ರೆಕಾರ್ಡರಿನಲ್ಲಿ ಅದನ್ನು ಹಿಡಿದಿಟ್ಟಿದ್ದರು. ಸಂಸ್ಥೆ ಮರೆತದ್ದನ್ನು ಮನೆಗಳು ನೆನಪಿಟ್ಟವು.

ಅಮೆರಿಕದ ಫಿಲಡೆಲ್ಫಿಯ ನಗರದ ಮೇರಿಯನ್ ಸ್ಟೋಕ್ಸ್ ಎಂಬಾಕೆಯ ಕಥೆ ಇದಕ್ಕಿಂತ ದೊಡ್ಡದು. ಹಿಂದೆ ಗ್ರಂಥಪಾಲಕಿಯಾಗಿದ್ದ ಈ ಮಹಿಳೆ 1979ರಲ್ಲಿ ಇರಾನಿನ ಒತ್ತೆಯಾಳುಗಳ ಪ್ರಕರಣ ನಡೆದಾಗ, ಅದೇ ಸುದ್ದಿ ದಿನದಿಂದ ದಿನಕ್ಕೆ ಹೇಗೆ ಬೇರೆ ಬೇರೆ ಬಣ್ಣ ತಳೆಯುತ್ತದೆಂಬುದನ್ನು ಗಮನಿಸಿ, ವಾರ್ತೆಗಳನ್ನು ಎಡೆಬಿಡದೆ ಮುದ್ರಿಸತೊಡಗಿದರು. ಮನೆಯಲ್ಲಿ ಹಲವು ಟೆಲಿವಿಷನ್ನುಗಳು. ಒಮ್ಮೊಮ್ಮೆ ಎಂಟು ರೆಕಾರ್ಡರುಗಳು ಒಟ್ಟಿಗೇ ಓಡುತ್ತಿದ್ದವು. 6 ಗಂಟೆಗೊಮ್ಮೆ ಕ್ಯಾಸೆಟ್ಟು ಬದಲಿಸಬೇಕಾದ್ದರಿಂದ ಮನೆಯವರ ಊಟ ತಿರುಗಾಟಗಳೂ ಆ ಲೆಕ್ಕಕ್ಕೆ ಹೊಂದಿಕೊಳ್ಳಬೇಕಾಗಿತ್ತು. 2012ರ ಡಿಸೆಂಬರಿನಲ್ಲಿ ಆಕೆ ತೀರಿಕೊಂಡಾಗ ಉಳಿದದ್ದು ಸುಮಾರು 70,000 ಕ್ಯಾಸೆಟ್ಟುಗಳು. ಇಂಟರ್‌ನೆಟ್ ಆರ್ಕೈವ್ ಎಂಬ ಸಂಸ್ಥೆ ಅವನ್ನು ಪಡೆದು ಕಾಪಾಡಿತು. ಆಕೆಗೆ ಹಣವಿತ್ತು, ಹಠವಿತ್ತು. ಒಂದೊಂದು ವಾಹಿನಿಗೂ ಒಂದೊಂದು ಯಂತ್ರ ಇಟ್ಟರು. ಸಾಧಾರಣ ಸಂಸಾರ ಏನು ಮಾಡಬೇಕು?

ಉತ್ತರದ ಅರ್ಧಭಾಗ 1999ರಲ್ಲಿ ಬಂತು. ಆ ವರ್ಷ ಅಮೆರಿಕದಲ್ಲಿ ಟಿವೋ ಮತ್ತು ರೀಪ್ಲೇ ಟಿ.ವಿ. ಎಂಬ ಎರಡು ಹೊಸ ಪೆಟ್ಟಿಗೆಗಳು ಕಾಣಿಸಿಕೊಂಡವು. ಇವುಗಳಲ್ಲಿ ಟೇಪಿಲ್ಲ. ಬರುವ ಚಿತ್ರವನ್ನು ಅಂಕಿಗಳಾಗಿ ಸಂಕ್ಷೇಪಿಸಿ ಕಂಪ್ಯೂಟರಿನ ಹಾರ್ಡ್ ಡಿಸ್ಕಿನ ಮೇಲೆ ಬರೆಯುತ್ತವೆ. ಬರೆಯುತ್ತಲೇ ಇನ್ನೊಂದು ಕಡೆಯಿಂದ ಓದಬಲ್ಲವಾದ್ದರಿಂದ, ನಡೆಯುತ್ತಿರುವ ಪ್ರಸಾರವನ್ನೇ ತಡೆದು ನಿಲ್ಲಿಸಿ, ಕಾಫಿ ಕುಡಿದು ಬಂದು ಮುಂದುವರಿಸಬಹುದು. 14 ಗಂಟೆ ಹಿಡಿಯುವ ಟಿವೋ ಪೆಟ್ಟಿಗೆಯ ಆರಂಭದ ಬೆಲೆ 499 ಡಾಲರು. ಅದರ ಮೇಲೆ ತಿಂಗಳಿಗೆ ಸುಮಾರು 10 ಡಾಲರು ಚಂದಾ. ಮನೆಯಲ್ಲಿ ಮೂರು ಟೆಲಿವಿಷನ್ನುಗಳಿದ್ದರೆ ಮೂರು ಪೆಟ್ಟಿಗೆ, ಮೂರು ಚಂದಾ. ಒಟ್ಟು 1,500 ಡಾಲರು, ತಿಂಗಳಿಗೆ ಮತ್ತೆ 30. ಸಾಲದ್ದಕ್ಕೆ, ನಡುಮನೆಯ ಪೆಟ್ಟಿಗೆ ಹಿಡಿದದ್ದು ಮಲಗುವ ಕೋಣೆಯಲ್ಲಿ ಸಿಗದು. 2001ರಲ್ಲಿ ರೀಪ್ಲೇ ಟಿ.ವಿ. ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಕಾರ್ಯಕ್ರಮ ಕಳಿಸುವ ಸೌಲಭ್ಯ ಕೊಟ್ಟು, ಜಾಹೀರಾತುಗಳನ್ನೂ ತಾನೇ ದಾಟಿಸತೊಡಗಿದಾಗ ದೊಡ್ಡ ಸಂಸ್ಥೆಗಳು ಅದರ ಮೇಲೆ ದಾವೆ ಹೂಡಿದವು. ಎರಡು ವರ್ಷದೊಳಗೆ ಅದರ ಒಡೆತನದ ಕಂಪನಿ ದಿವಾಳಿಯೆದ್ದಿತು.

ಉತ್ತರದ ಇನ್ನರ್ಧ ಕಂಪನಿಗಳಿಂದ ಬಂದದ್ದಲ್ಲ. 2002ರಲ್ಲಿ ಐಸಾಕ್ ರಿಚರ್ಡ್ಸ್ ಎಂಬ ತರುಣ ‘ಮಿಥ್ ಟಿ.ವಿ.’ ಎಂಬ ತಂತ್ರಾಂಶವನ್ನು ಬರೆದು, ಯಾರು ಬೇಕಾದರೂ ಬಳಸಿ ತಿದ್ದಿಕೊಳ್ಳಲಿ ಎಂದು ಪುಕ್ಕಟೆಯಾಗಿ ಹಂಚಿದ. ಅದರ ಮೂಲತತ್ತ್ವ ನಮ್ಮ ವಠಾರದ್ದೇ. ಬಾವಿ ಒಂದು, ಕೊಡಗಳು ಹಲವು. ಹಿಡಿಯುವ ಕೆಲಸವನ್ನೂ ತೋರಿಸುವ ಕೆಲಸವನ್ನೂ ಬೇರ್ಪಡಿಸುವುದು. ಮನೆಯ ಯಾವುದೋ ಮೂಲೆಯಲ್ಲಿ ಹಳೆಯ ಕಂಪ್ಯೂಟರೊಂದು ದೊಡ್ಡ ಡಿಸ್ಕನ್ನು ಹೊತ್ತು ಕೂತಿರುತ್ತದೆ. ಪ್ರತಿ ಟೆಲಿವಿಷನ್ನಿನ ಬಳಿ ಡಿಸ್ಕಿಲ್ಲದ ಚಿಕ್ಕ ಯಂತ್ರವೊಂದು ಮನೆಯ ತಂತಿಜಾಲದ ಮೂಲಕ ಅದರಿಂದ ಚಿತ್ರವನ್ನು ಸೇದಿಕೊಳ್ಳುತ್ತದೆ. ಎಲ್ಲ ಕೋಣೆಗೂ ಭಂಡಾರ ಒಂದೇ.

ಇಲ್ಲಿ ಲೆಕ್ಕದ ಗುಟ್ಟೊಂದು ಬಯಲಾಯಿತು. ಹಲವು ವಾಹಿನಿಗಳಲ್ಲಿ ಒಂದನ್ನು ಆರಿಸಿ ಹಿಡಿಯುವ ಭಾಗಕ್ಕೆ ಟ್ಯೂನರ್ ಎನ್ನುತ್ತಾರೆ. ಬೇಕಾಗುವ ಟ್ಯೂನರುಗಳ ಸಂಖ್ಯೆಯನ್ನು ನಿರ್ಧರಿಸುವುದು ಮನೆಯಲ್ಲಿ ಎಷ್ಟು ಟೆಲಿವಿಷನ್ನುಗಳಿವೆ ಎಂಬುದಲ್ಲ, ಒಂದೇ ಹೊತ್ತಿಗೆ ಎಷ್ಟು ಬೇರೆ ಬೇರೆ ಪ್ರಸಾರಗಳನ್ನು ಹಿಡಿಯಬೇಕು ಎಂಬುದು. ನಾಲ್ಕು ಟೆಲಿವಿಷನ್ನುಗಳ ಮನೆಗೂ ಎಷ್ಟೋ ವೇಳೆ ಎರಡು ಟ್ಯೂನರ್ ಸಾಕು. ಹಳೆಯ ಮಾದರಿಯ ಚಿತ್ರವಾದರೆ ಗಂಟೆಗೆ ಸುಮಾರು 2 ಗಿಗಾಬೈಟ್ ಜಾಗ ಬೇಕು. 80 ಗಿಗಾಬೈಟಿನ ಡಿಸ್ಕಿನಲ್ಲಿ 40 ಗಂಟೆ ಹಿಡಿಯಿತು. ಇನ್ನು ಬೇಕಾದದ್ದು ಯಾವ ಕಾರ್ಯಕ್ರಮ ಎಷ್ಟು ಹೊತ್ತಿಗೆ ಎಂಬ ಪಂಚಾಂಗ. ಅಮೆರಿಕದಲ್ಲಿ ಈ ಪಂಚಾಂಗವನ್ನು ಪುಕ್ಕಟೆಯಾಗಿ ಕೊಡುತ್ತಿದ್ದ ಸಂಸ್ಥೆ 2007ರಲ್ಲಿ ಅದನ್ನು ನಿಲ್ಲಿಸಿದಾಗ, ಬಳಕೆದಾರರು ಕೈಕಟ್ಟಿ ಕೂಡಲಿಲ್ಲ. ಲಾಭದ ಆಸೆಯಿಲ್ಲದ ತಮ್ಮದೇ ಸಂಘವೊಂದನ್ನು ಕಟ್ಟಿ, ವರ್ಷಕ್ಕೆ ಅಲ್ಪ ಚಂದಾ ಹಾಕಿ, ಪಂಚಾಂಗವನ್ನು ಒಟ್ಟಿಗೆ ಕೊಂಡರು. 2009ರಲ್ಲಿ ಅಲ್ಲಿನ ಪ್ರಸಾರವೆಲ್ಲ ಡಿಜಿಟಲ್ ಆದಮೇಲೆ, ಮಾಳಿಗೆಯ ಮೇಲಿನ ಆಂಟೆನಾ ಒಂದಿದ್ದರೆ ಸ್ಫುಟವಾದ ಚಿತ್ರ ಪುಕ್ಕಟೆಯಾಗಿ ಭಂಡಾರ ಸೇರುವಂತಾಯಿತು.

ಕಂಪನಿಗಳೂ ಇದನ್ನು ಕಂಡುಕೊಂಡವು. 2012ರಲ್ಲಿ ಡಿಷ್ ಸಂಸ್ಥೆ ‘ಹಾಪರ್’ ಎಂಬ ದೊಡ್ಡ ಪೆಟ್ಟಿಗೆಯನ್ನೂ, ಉಳಿದ ಕೋಣೆಗಳಿಗೆ ‘ಜೋಯಿ’ ಎಂಬ ಮರಿಪೆಟ್ಟಿಗೆಗಳನ್ನೂ ತಂದಿತು. ತತ್ತ್ವ ಅದೇ, ಬಾವಿಯ ಹಗ್ಗ ಮಾತ್ರ ಕಂಪನಿಯ ಕೈಯಲ್ಲಿ. ಅದೇ ವರ್ಷ ಅಲ್ಲಿನ ಸರ್ಕಾರದ ಆಯೋಗ, ಕೇಬಲ್ ಸಂಸ್ಥೆಗಳು ತಮ್ಮ ಮೂಲ ವಾಹಿನಿಗಳಿಗೂ ಗೂಢಲಿಪಿಯ ಬೀಗ ಹಾಕಬಹುದೆಂದು ಅನುಮತಿ ಕೊಟ್ಟಿತು. ಕೇಬಲ್ಲನ್ನು ನೆಚ್ಚಿದ್ದ ಮನೆಕಟ್ಟಿನ ಯಂತ್ರಗಳು ಅಷ್ಟರಮಟ್ಟಿಗೆ ಕುರುಡಾದವು. ಇನ್ನೊಂದು ಕಡೆ, ಪೆಟ್ಟಿಗೆಯೇ ಮನೆಯಲ್ಲಿರಬೇಕಿಲ್ಲ, ನಿಮ್ಮ ಗಳಿಗೆಯನ್ನು ನಮ್ಮ ಉಗ್ರಾಣದಲ್ಲೇ ಇಡುತ್ತೇವೆ ಎಂಬ ಏರ್ಪಾಡು ಬಂತು. ಕೇಬಲ್‌ವಿಷನ್ ಸಂಸ್ಥೆಯ ಇಂಥ ವ್ಯವಸ್ಥೆಯನ್ನು 2008ರಲ್ಲಿ ಮೇಲ್ಮನವಿ ನ್ಯಾಯಾಲಯ ಒಪ್ಪಿತು. ನಮ್ಮಲ್ಲೂ 2008ರಲ್ಲೇ ಟಾಟಾ ಸ್ಕೈ ಪ್ಲಸ್ ಎಂಬ ಮುದ್ರಿಸುವ ಪೆಟ್ಟಿಗೆ ಬಂತು. ಆದರೆ ಅದು ಬೇರೂರುವ ಮೊದಲೇ ಫೋನಿನ ಮೇಲೆ, ಬೇಕಾದಾಗ ಬೇಕಾದ್ದನ್ನು ಹರಿಸುವ ಸೇವೆಗಳು ಬಂದವು. 2025ರಲ್ಲಿ ಟಿವೋ ತನ್ನ ಪೆಟ್ಟಿಗೆಗಳ ಮಾರಾಟವನ್ನೇ ನಿಲ್ಲಿಸಿತು.

ಹಾಗಾದರೆ ಹಿಡಿದಿಡುವ ಅಗತ್ಯವೇ ತೀರಿತೆ? ನನಗೆ ಹಾಗನ್ನಿಸುವುದಿಲ್ಲ. ಹರಿದು ಬರುವುದು ಅವರು ಬಿಟ್ಟಷ್ಟು ದಿನ ಮಾತ್ರ ಹರಿಯುತ್ತದೆ. ಒಪ್ಪಂದ ಮುಗಿದರೆ ಚಿತ್ರ ಮಾಯ. ಚಂದಾ ನಿಂತರೆ ಬಾಗಿಲು ಬಂದ್. ಹೋದ ವರ್ಷ ಆಡಿದ್ದನ್ನು ಈ ವರ್ಷ ತಿದ್ದಿ ಇಟ್ಟರೆ, ಮೊದಲು ಹೀಗಿರಲಿಲ್ಲ ಎಂದು ಸಾಕ್ಷಿ ಹೇಳಲು ಯಾರ ಮನೆಯಲ್ಲೂ ಪ್ರತಿ ಇರುವುದಿಲ್ಲ. ಹಿಂದೆ ನಮ್ಮ ಹೊತ್ತು ಅವರ ಅಧೀನದಲ್ಲಿತ್ತು. ಹೊತ್ತನ್ನು ನಮಗೆ ಬಿಟ್ಟುಕೊಟ್ಟು ಈಗ ನೆನಪನ್ನು ತಮ್ಮ ಬಳಿ ಇರಿಸಿಕೊಂಡಿದ್ದಾರೆ. ತಾಳೆಯೋಲೆಯ ಕಾಲದಲ್ಲಿ ಒಂದೊಂದು ಕೃತಿ ಉಳಿದದ್ದು ಯಾವುದೋ ಹಳ್ಳಿಯ ಅಟ್ಟದ ಮೇಲೆ ಯಾರೋ ಒಂದು ಪ್ರತಿಯನ್ನು ಬೆಚ್ಚಗೆ ಇಟ್ಟಿದ್ದರಿಂದ ಎಂಬುದು ನಮ್ಮ ಸಾಹಿತ್ಯದ ವಿದ್ಯಾರ್ಥಿಗಳಿಗೆ ತಿಳಿದದ್ದೇ. ಪ್ರಸಾರದ ಮಾತಿಗೂ ಅಂಥ ಅಟ್ಟ ಬೇಕು. ಹಳೆಯ ಕಂಪ್ಯೂಟರು, ಒಂದು ಆಂಟೆನಾ, ಒಂದು ಡಿಸ್ಕು, ನಾಲ್ಕು ಕೋಣೆಗಳಿಗೆ ಎಳೆದ ತಂತಿ ಇಷ್ಟರಲ್ಲೇ ಎಷ್ಟೋ ಸಾಧಾರಣ ಸಂಸಾರಗಳು ಅಂಥ ಅಟ್ಟವನ್ನು ತಮ್ಮ ಮನೆಯೊಳಗೆ ಕಟ್ಟಿಕೊಂಡವು. ಮನೆಯ ಮಕ್ಕಳು ಯಾವ ಕೋಣೆಯಲ್ಲಿ ಕೂತರೂ ಅದರ ಏಣಿ ಅವರ ಕೈಗೆ ಎಟಕುತ್ತಿತ್ತು.